ಫಾಲ್ಸ್‌ಗೆ ನೀರು ತರಿಸಲು ನಮ್ಮಾಯಿ ಮಾಡಿದ ಫೋನ್

ದೋಸ್ತರೇ, ಇವತ್ತು ಮಹಾಲಿಂಗಪುರದಿಂದ ನಮ್ಮ ಆಯಿಯನ್ನು, ಅಂದರೆ ಅಪ್ಪನ ಅವ್ವನನ್ನು, ಬೈಕಿನಲ್ಲಿ ಗೋಕಾಕ ಫಾಲ್ಸ್‌ಗೆ ಕರೆತಂದೆ. ಮೇಲಿಂದ ಬೀಳುವ ನೀರಿನ ಗಂಗವ್ವನಿಗೆ ಉಡಿ ತುಂಬಬೇಕೆಂದು ಕುಪ್ಪಸದ ಖಣ, ಕಾಯಿ ತಂದಿದ್ದಾಳೆ. ಇಲ್ಲಿ ನೋಡಿದರೆ ಬರೀ ಬಂಡೆ.

"ನೀರೆಲ್ಲೈತೋ?" ಎಂದಳು.

ಚಹಾದಂಗಡಿಯವನು ಹೇಳಿದ: "ಮ್ಯಾಲ ಡ್ಯಾಮಿನ್ಯಾಗ ಐತಿ ಆಯಿ. ಕರೆಂಟ್ ತಯಾರ ಮಾಡಾಕ ಬಿಟ್ರ ಇಲ್ಲಿಗೆ ಬರ್ತೈತ್ರಿ."

"ಮಂದಿ ಕರೆಂಟ್ ಜಾಸ್ತಿ ಉರಿಸಿದ್ರ ನೀರೂ ಜಾಸ್ತಿ ಬಿಡ್ತಾರೇನು?"

"ಬಿಡಬಹುದ್ರಿ" ಎಂದು ಅವನು ನಕ್ಕ.

ಆಯಿ ನನ್ನ ಫೋನ್ ಕಿತ್ತುಕೊಂಡು ಮನೆಯಲ್ಲಿದ್ದ ತನ್ನ ಮಗ, ನಮ್ಮ ಕಾಕಾನಿಗೆ ಕರೆ ಮಾಡಿ ಹೇಳಿದಳು: "ಲೇ ಬೀರ್ಯಾ, ಹೊಲದ ಮೋಟಾರ್, ಫ್ಯಾನ್, ಮಿಕ್ಸರ್ ಎಲ್ಲಾ ಹಚ್ಚು! ಇಲ್ಲಿ ನೀರು ಬೀಳಬೇಕಾಗೈತಿ!"

"ಹೆಂಗ ಹಚ್ಚಲಿ ಯವ್ವಾ? ಮುಂಜಾನಿಂದ ಕರೆಂಟಾ ಇಲ್ಲ."

ಊರಿನ ದೋಸ್ತರೇ, ಕರೆಂಟ್ ಬಂದ ಕೂಡಲೇ ಮನೆಯ ಎಲ್ಲ ಸ್ವಿಚ್ ಹಾಕಿರಿ. ನೀರು ಬೀಳುವ ತನಕ ಆಯಿ ಬೈಕ್ ಹತ್ತುವುದಿಲ್ಲವಂತೆ.