ಬೆನ್ನು ನೋಡುತ್ತಿದ್ದ ಪಾಲಯ್ಯನವರು

ನಾನು ಬಿ.ಎಸ್ಸಿ. ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಹೇಳಿದ್ದು ಚಿತ್ರದುರ್ಗದ ಹಾಸ್ಟೆಲ್ಲಿನ ಬಾಗಿಲಲ್ಲಿ, ಆ ಬಾಗಿಲಿಗೆ ಅಡ್ಡವಾಗಿ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತಿದ್ದ ವಾರ್ಡನ್ ಪಾಲಯ್ಯನವರ ಮುಂದೆ.

"ಓದಿಸ್ಲೇಬೇಕು ಅಂತ ಇವರಪ್ಪ ಹಟ ಹಿಡಿದಾನೆ. ಇದು ಎತ್ತಲಾಗೆ ಹೊಡೆದ್ರೂ ಸಂಜಿಗೆ ರೊಪ್ಪಕ್ಕೆ ಬರೋ ಕುರಿ ಸ್ವಾಮಿ. ದೀಪಾವಳಿ ಹೊತ್ತಿಗೆ ಹಾಸಿಗೆ ಸುತ್ಕೊಂಡು ಊರಿಗೆ ಬರ್ತಾನೆ, ನೋಡ್ತಿರ್ರಿ."

ಪಾಲಯ್ಯನವರು ನನ್ನ ಮುಖ ನೋಡಲಿಲ್ಲ. "ತಿರುಗಲೇ" ಎಂದರು. ತಿರುಗಿ ನಿಂತೆ. ಅಂಗಿ ಹರಿದಿದೆಯೇನೋ ಎಂದು ನನಗೆ ನಾಚಿಕೆ. ಅವರು ದೊಡ್ಡಪ್ಪನಿಗೆ ಹೇಳಿದರು: "ಬರಲ್ಲ. ಡಿಗ್ರಿ ತಗೊಂಡೇ ಬರ್ತಾನೆ. ನಾನು ಯಾರ ಮುಖಾನೂ ನೋಡಲ್ಲ ಯಜಮಾನ್ರೇ, ಬೆನ್ನು ನೋಡ್ತೀನಿ. ಮುಖ ಸುಳ್ಳು ಹೇಳ್ತೈತೆ."

ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಏಳನೇ ಕ್ಲಾಸು ದಾಟಿರಲಿಲ್ಲ. ಆದಿವಾಲದ ಹತ್ತಿರದ ಹಟ್ಟಿಯಿಂದ ಬಂದ ಹುಡುಗನಿಗೆ ಹಾಗೆ ಹೇಳುವವರೊಬ್ಬರು ಸಿಕ್ಕಿದರೆ ಅವರು ಏನು ಆಗಿಬಿಡುತ್ತಾರೆ ಎಂದು ಓದಿದವರ ಮನೆಯಲ್ಲಿ ಹುಟ್ಟಿದವರಿಗೆ ತಿಳಿಯುವುದು ಕಷ್ಟ.

ಆ ಕುರ್ಚಿಯ ವಿಷಯ ಹೇಳಬೇಕು. ನಮ್ಮ ಹಾಸ್ಟೆಲ್ಲಿಗೆ ನೆಂಟರು ಬಹಳ. ದುರ್ಗದಲ್ಲಿ ಕೋರ್ಟು, ದೊಡ್ಡಾಸ್ಪತ್ರೆ, ಡಿ.ಸಿ. ಆಫೀಸು ಎಲ್ಲಾ ಇದ್ದುದರಿಂದ ಯಾವ ಕೆಲಸಕ್ಕೆ ಬಂದವರೂ "ನಮ್ಮ ಹುಡುಗ ಇಲ್ಲೇ ಓದ್ತಾನೆ" ಎಂದು ಚೀಲ ತೆಗೆದುಕೊಂಡು ಬಂದುಬಿಡುತ್ತಿದ್ದರು. ಬಂದವರು ಒಂದು ರಾತ್ರಿ ಮಲಗಿ ಎರಡು ಹೊತ್ತು ಮುದ್ದೆ ಉಂಡು ಹೋಗಬಹುದು ಎಂದು ನಿಯಮ. ಕೆಲವರು ಹೋಗುತ್ತಲೇ ಇರಲಿಲ್ಲ. ಹುಡುಗರ ಪಾಲಿನ ಮುದ್ದೆ ಸಣ್ಣದಾಗುತ್ತಿತ್ತು. ಅದಕ್ಕೇ ಆ ಕುರ್ಚಿ. ಅದನ್ನು ದಾಟಬೇಕಾದರೆ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಯಾಕೆ ಬಂದ್ರಿ? ಎಷ್ಟು ದಿನ ಇರ್ತೀರಿ? ಮನೇಲಿ ಏನು ಬಿಟ್ಟು ಬಂದೀರಿ?

ಮೊದಲ ಎರಡಕ್ಕೆ ಎಲ್ಲರೂ ಸುಳ್ಳು ಹೇಳುತ್ತಾರೆ ಎಂಬುದು ಅವರ ನಂಬಿಕೆ. ಮೂರನೆಯದಕ್ಕೆ ಮಾತ್ರ ಕಿವಿಗೊಡುತ್ತಿದ್ದರು. ಒಮ್ಮೆ ಭರಮಸಾಗರದ ಹುಡುಗನೊಬ್ಬನ ಮಾವ ಬಂದ. ಒಂದೇ ದಿನ, ಹಲ್ಲು ಕೀಳಿಸಿಕೊಂಡು ಹೋಗುತ್ತೇನೆ ಎಂದ. ಪಾಲಯ್ಯನವರು ಅವನ ಚೀಲ ಬಿಚ್ಚಿಸಿದರು.

"ಹಲ್ಲು ಕೀಳ್ಸಾಕೆ ಬಂದೋರಿಗೆ ಸೋಪಿನ ಡಬ್ಬಿ ಯಾಕಪ್ಪ? ಕನ್ನಡಿ ಬ್ಯಾರೆ ಐತೆ."

"ಇರ್ಲಿ ಅಂತ ತಂದೆ ಸಾರ್."

"ಮನೇಲಿ ಎಮ್ಮೆ ಐತಾ?"

"ಐತೆ."

"ಹಾಲು ಕೊಡ್ತೈತಾ? ಕರಿಯೋರು ಯಾರು?"

"ನಾನೇ ಸಾರ್. ನನ್ನ ಹೆಂಡ್ತೀನ ಹತ್ರಾನೇ ಸೇರ್ಸಲ್ಲ ಅದು."

ಪಾಲಯ್ಯನವರು ಕುರ್ಚಿ ಸರಿಸಿದರು. "ಒಳಗೆ ಬರ್ರಿ, ಕುಂತ್ಕಳ್ರಿ. ನಾಳೆ ನಾವು ಇರು ಅಂದ್ರೂ ನೀವು ಇರಲ್ಲ."

ಮಾರನೆಯ ದಿನ ಊದಿದ ಕೆನ್ನೆಯಲ್ಲೇ ಮಾವ ಮೊದಲ ಬಸ್ಸಿಗೆ ಓಡಿದ. ನಾವೆಲ್ಲ ನಕ್ಕೆವು. ಅವರ ಲೆಕ್ಕ ತಪ್ಪುತ್ತಿರಲಿಲ್ಲ.

ತಪ್ಪಿದ್ದು ನಮ್ಮ ದೊಡ್ಡಪ್ಪನ ಹತ್ತಿರ. ಹಾಸಿಗೆ ತಂದವನು ಹೋಗುವುದಿಲ್ಲ ಎಂಬುದು ಪಾಲಯ್ಯನವರ ಇನ್ನೊಂದು ಸೂತ್ರ. ದೊಡ್ಡಪ್ಪ ನನ್ನನ್ನು ನೋಡಲು ಬಂದಾಗಲೆಲ್ಲ ಹೆಗಲ ಮೇಲೆ ಕಂಬಳಿ; ಆದರೂ ಒಂದು ರಾತ್ರಿಯೂ ನಿಲ್ಲುತ್ತಿರಲಿಲ್ಲ.

"ಒಂದು ತಾಸು ನೋಡಿ ಹೋಗಾಕೆ ಕಂಬಳಿ ಯಾಕೆ ಯಜಮಾನ್ರೇ?"

"ಕಂಬಳಿ ಬಿಟ್ಟು ನಾವು ಹೊರಕಡಿಗೂ ಹೋಗಲ್ಲ ಸ್ವಾಮಿ."

"ಮನೇಲಿ ಏನು ಬಿಟ್ಟು ಬಂದೀರಿ?"

"ಕುರಿ."

"ಎಷ್ಟು ಅವೆ?"

ದೊಡ್ಡಪ್ಪ ಕಂಬಳಿ ಸರಿಮಾಡಿಕೊಂಡರು. ಪಾಲಯ್ಯನವರು ಇನ್ನೊಮ್ಮೆ ಕೇಳಿದರು. ಆಗ ದೊಡ್ಡಪ್ಪ, "ಅದನ್ನ ಹೊರಗಿನೋರಿಗೆ ಹೇಳಂಗಿಲ್ಲ. ಹೇಳಿದ್ರೆ ಕಮ್ಮಿ ಆಗ್ತವೆ. ನಿಮ್ಮನ್ನ ನಿಮ್ಮ ಆಯಸ್ಸು ಎಷ್ಟು ಅಂತ ನಾನು ಕೇಳಿದ್ನಾ?" ಎಂದರು. ಪಾಲಯ್ಯನವರು ಕುರ್ಚಿಯಿಂದ ಎದ್ದೇ ಬಿಟ್ಟರು. ಆಮೇಲೆ ದೊಡ್ಡಪ್ಪ ಬಂದರೆ ಪ್ರಶ್ನೆಯೇ ಇಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

ನನಗೆ ಇಂಗ್ಲಿಷು ಕಲಿಸಿದವರು ಪಾಲಯ್ಯನವರು. ದಿನಾ ಸಂಜೆ ಆ ಕುರ್ಚಿಯ ಪಕ್ಕ ನೆಲದ ಮೇಲೆ ಕೂರಿಸಿಕೊಂಡು, ಹಳೆಯ ಪೇಪರಿನ ಒಂದು ಕಾಲಮ್ಮು ಓದಿಸಿ, ಅದನ್ನೇ ಕನ್ನಡದಲ್ಲಿ ಹೇಳಿಸಿ, ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಮೊದಲ ವರ್ಷ ರಸಾಯನಶಾಸ್ತ್ರದಲ್ಲಿ ಫೇಲಾದಾಗ, ನಾನು ಹಾಸಿಗೆ ಸುತ್ತಿದ್ದು ನಿಜ. ಅವರು ಕುರ್ಚಿ ಸರಿಸಲಿಲ್ಲ. "ನಿಮ್ಮ ದೊಡ್ಡಪ್ಪನ ಮಾತು ನಿಜ ಮಾಡ್ತೀಯೇನಲೇ? ನಾನೊಬ್ಬ ಸುಳ್ಳಾಗ್ಲಾ?" ಎಂದರು. ಹಾಸಿಗೆ ಬಿಚ್ಚಿದೆ. ಡಿಗ್ರಿಯಾಯಿತು.

ಡಿಗ್ರಿಯಾದ ಮೇಲೆ ಹಿರಿಯೂರಿನಲ್ಲಿ ಒಂದು ಉಣ್ಣೆ ಸಹಕಾರ ಸಂಘದಲ್ಲಿ ಕೆಲಸ ಸಿಕ್ಕಿತು. ಉಣ್ಣೆ ವಿಂಗಡಿಸುವುದು, ತೂಕ ಬರೆಯುವುದು. ಖಾಯಂ ಅಲ್ಲ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದಿದ್ದರೂ ಸಂಘದ ಮೊಹರಿನಲ್ಲಿ ಇನ್ನೂ ಮೈಸೂರು ಎಂದೇ ಇತ್ತು. ಆ ಹೊತ್ತಿಗೆ ಸಮುದ್ರದಾಚೆಯ, ಕುರಿ ಸಾಕುವುದರಲ್ಲಿ ಹೆಸರಾದ ಒಂದು ದೇಶದಿಂದ ಸಂಘಕ್ಕೆ ಕರೆ ಬಂತು. ಒಬ್ಬನನ್ನು ಕಳಿಸಿ, ಆರು ವಾರ ತರಬೇತಿ, ಖರ್ಚೆಲ್ಲಾ ನಮ್ಮದೇ ಎಂದು. ಇಂಗ್ಲಿಷು ಬರುತ್ತಿದ್ದವನು ನಾನೊಬ್ಬನೇ. ಹೋಗಿ ಬಂದರೆ ಕೆಲಸ ಖಾಯಂ ಎಂದು ಸಂಘದ ಅಧ್ಯಕ್ಷರು ಎಲ್ಲರೆದುರು ಹೇಳಿದರು.

ಪಾಸ್‌ಪೋರ್ಟು ಹೇಗೋ ಆಯಿತು. ವೀಸಾಕ್ಕೆ ಮದರಾಸಿಗೆ ಹೋಗಬೇಕು. ಬೆಂಗಳೂರನ್ನೇ ಸರಿಯಾಗಿ ನೋಡದವನು ನಾನು. ಪಾಲಯ್ಯನವರು ರಜೆ ಹಾಕಿ, ಯಾರದೋ ಕೋಟು ಕೇಳಿ ಹಾಕಿಕೊಂಡು ನನ್ನ ಜೊತೆ ಹೊರಟರು. ರೈಲಿನಲ್ಲಿ ದಾರಿಯುದ್ದಕ್ಕೂ ತಾವೇ ಅಧಿಕಾರಿಯಾಗಿ ನನ್ನನ್ನು ಕೇಳಿದರು. "ಯಾಕೆ ಹೋಗ್ತೀಯ? ಎಷ್ಟು ದಿನ?" ಎದುರು ಸೀಟಿನವರು ನಗುತ್ತಿದ್ದರು.

ಮದರಾಸಿನ ಆ ಕಚೇರಿಯಲ್ಲಿ ಬೆಂಚುಗಳ ತುಂಬ ಜನ. ನನ್ನ ಮುಂದೆ ಸೂಟು ತೊಟ್ಟ ಒಬ್ಬ ಯುವಕ ಒಳಗೆ ಹೋಗಿ ಮುಖ ಇಳಿಸಿಕೊಂಡು ಬಂದ. ಆಮೇಲೆ ಹೋದ ಅಜ್ಜಿಯೊಬ್ಬಳು, ಮಗಳ ಬಾಣಂತನಕ್ಕೆ ಹೊರಟವಳು, ನಗುತ್ತಾ ಬಂದಳು. ಊರಲ್ಲಿ ಗಂಡ, ಮನೆ, ಇನ್ನೂ ಮೂವರು ಮಕ್ಕಳು ಇದ್ದಾರೆ ಎಂದಳಂತೆ. ಪಾಲಯ್ಯನವರು ನನ್ನ ಕಿವಿಯಲ್ಲಿ, "ನೋಡ್ದಾ? ಇವರೂ ಬೆನ್ನೇ ನೋಡಾದು" ಎಂದರು. ಅವರ ಮುಖದಲ್ಲಿ ಒಂಥರಾ ಹೆಮ್ಮೆ.

ಒಳಗಿದ್ದ ಅಧಿಕಾರಿ ಕೆಟ್ಟವನಲ್ಲ. ದಣಿದ ಮನುಷ್ಯ. ಯಾಕೆ ಹೋಗುತ್ತೀರಿ, ಎಷ್ಟು ದಿನ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಮ್ಮ ಹಾಸ್ಟೆಲ್ಲಿನ ಕುರ್ಚಿಯೇ ಎದುರು ಬಂದ ಹಾಗಾಗಿ ನನಗೆ ಧೈರ್ಯ ಬಂತು. ಸರಸರ ಹೇಳಿದೆ. ಉಣ್ಣೆಯ ಬಗ್ಗೆ ಅವನು ಒಂದು ಮಾತೂ ಕೇಳಲಿಲ್ಲ. ಅವನಿಗೆ ಬೇಕಾಗಿದ್ದು ನಾನು ಇಲ್ಲಿ ಬಿಟ್ಟು ಹೋಗುವುದು ಏನು ಎಂಬುದು. ಮದುವೆ? ಆಗಿಲ್ಲ. ಕೆಲಸ? ಹೋಗಿ ಬಂದ ಮೇಲೆ ಖಾಯಂ. ಜಮೀನು? ದೊಡ್ಡಪ್ಪನ ಹೆಸರಲ್ಲಿದೆ, ನಮ್ಮದು ಪಾಲಾಗದ ಮನೆ. ಇದನ್ನು ನಾನು ಹೆಮ್ಮೆಯಿಂದ ಹೇಳಿದೆ. ನಮ್ಮ ಕಡೆ ಅದು ಮನೆತನದ ಮಾತು. ಅವನು ಮಾತ್ರ ಕಾಗದದ ಮೇಲೆ ಒಂದು ಗೆರೆ ಎಳೆದ.

"ನಿಮ್ಮದು ಅಂತ ಏನಾದರೂ ಇದೆಯೇ?"

"ಕುರಿಗಳಿವೆ."

"ಎಷ್ಟು?"

ನಾನು ಪ್ರಾಣಿಶಾಸ್ತ್ರ ಓದಿ ಪಾಸಾದವನು. ಹೇಳಿದರೆ ಕುರಿ ಕಮ್ಮಿಯಾಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಆ ಸಂಖ್ಯೆ ಬಾಯಿಗೆ ಬರಲಿಲ್ಲ. "ಅದನ್ನು ಹೇಳುವಂತಿಲ್ಲ ಸರ್" ಎಂದೆ.

ಅವನು ಪೆನ್ನು ಕೆಳಗಿಟ್ಟ. ನಿಮ್ಮ ಜೊತೆ ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದ. ಪಾಲಯ್ಯನವರನ್ನು ಒಳಗೆ ಕರೆದರು.

ಅವರು ನಿಂತುಕೊಂಡೇ, ಸಾವಧಾನವಾಗಿ, ಪುಸ್ತಕದ ಇಂಗ್ಲಿಷಿನಲ್ಲಿ ನಮ್ಮ ಕುರಿ ಎಣಿಕೆಯ ಪದ್ಧತಿಯನ್ನು ವಿವರಿಸಿದರು. ದೊಡ್ಡಪ್ಪ ಆಯಸ್ಸಿನ ಮಾತಾಡಿದ್ದನ್ನೂ ಹೇಳಿದರು. ಅಧಿಕಾರಿ ನಕ್ಕ. ತಮ್ಮ ದೇಶದ ಹಳ್ಳಿಯ ಮುದುಕರೂ ಹಾಗೇ ಎಂದ. ಪೆನ್ನು ಮತ್ತೆ ಕೈಗೆ ತೆಗೆದುಕೊಂಡ. ನನಗೆ ಆಗಲೇ ವಿಮಾನ ಹತ್ತಿದಷ್ಟು ಸಂತೋಷ.

"ನೀವು ಇವನನ್ನು ಹುಡುಗನಾಗಿದ್ದಾಗಿನಿಂದ ಬಲ್ಲಿರಿ. ಇವನು ತಿರುಗಿ ಬರುತ್ತಾನೆಯೇ?"

ಪಾಲಯ್ಯನವರು ನನ್ನ ಕಡೆ ತಿರುಗಿದರು. ಆ ನೋಟ ನನಗೆ ಗೊತ್ತಿತ್ತು. ಸೋಪಿನ ಡಬ್ಬಿಯ ಮಾವನನ್ನು ನೋಡಿದ ನೋಟ.

"ಹೇಳಲಾರೆ, ಸರ್."

ಅಧಿಕಾರಿಯೇ ಅವರಿಗೆ ಇನ್ನೊಂದು ಅವಕಾಶ ಕೊಟ್ಟ. ಒಳ್ಳೆಯ ಹುಡುಗನಲ್ಲವೇ ಎಂದು ಕೇಳಿದ.

"ಬಹಳ ಒಳ್ಳೆಯವನು. ಆದರೆ ಕರೆದು ತರುವಂಥದ್ದು ಇವನಿಗೆ ಇಲ್ಲಿ ಇನ್ನೂ ಏನೂ ಇಲ್ಲ."

ಪಾಸ್‌ಪೋರ್ಟನ್ನು ಹಾಗೇ ವಾಪಸು ಕೊಟ್ಟರು.

ಸೆಂಟ್ರಲ್ ಸ್ಟೇಷನ್ನಿನ ಬೆಂಚಿನ ಮೇಲೆ ಮಧ್ಯಾಹ್ನ ಇಬ್ಬರೂ ಕೂತೆವು. ಪಾಲಯ್ಯನವರು ಮೊಸರನ್ನದ ಪೊಟ್ಟಣ ಬಿಚ್ಚಿ ನನ್ನ ಮುಂದಿಟ್ಟರು. ನಾನು ಮುಟ್ಟಲಿಲ್ಲ.

"ನಾನು ಬರ್ತಿದ್ದೆ ಸಾರ್."

"ನಿನಗೆ ಗೊತ್ತು. ನನಗೆ ಹೆಂಗೆ ಗೊತ್ತಾಗ್ಬೇಕು?"

"ನಿಮ್ಮ ಕೈಯಾಗೆ ಬೆಳೆದೋನು ನಾನು."

"ಕೇಳಿದ್ರು, ಅನ್ಸಿದ್ದು ಹೇಳ್ದೆ. ಸುಳ್ಳು ಹೇಳ್ಬೇಕಿತ್ತಾ?"

"ದೊಡ್ಡಪ್ಪನ ಮುಂದೆ ನನ್ನ ಬೆನ್ನು ನೋಡಿ ಹೇಳಿದ್ದು ಗೊತ್ತಿದ್ದೇ ಹೇಳಿದ್ರಾ?"

ಅವರು ಪೊಟ್ಟಣವನ್ನು ಮತ್ತೆ ಕಟ್ಟಿದರು. ಆಮೇಲೆ, ನನಗಲ್ಲ, ಹಳಿಗೆ ಹೇಳುವ ಹಾಗೆ, "ನಾನಾಗಿದ್ರೆ ಬರ್ತಿರ್ಲಿಲ್ಲ ಕಣಲೇ" ಎಂದರು.

ಬೆಂಗಳೂರಿನವರೆಗೆ ಒಂದೇ ಡಬ್ಬಿಯಲ್ಲಿ ಬಂದೆವು. ಅಲ್ಲಿಂದ ಬೇರೆ ಬೇರೆ ಬಸ್ಸು. ಸಂಘದವರಿಗೆ ಇನ್ನೊಬ್ಬರನ್ನು ಕಳಿಸಲಾಗಲಿಲ್ಲ. ಮುಂದಿನ ಬೇಸಿಗೆಗೆ ನನ್ನ ಕೆಲಸವೂ ಹೋಯಿತು. ಊರಿಗೆ ಬಂದಾಗ ದೊಡ್ಡಪ್ಪ ಎಲ್ಲಾ ಕೇಳಿಸಿಕೊಂಡು, "ಸಂಜಿಗೆ ರೊಪ್ಪಕ್ಕೆ ಬರೋನು ಅಂತ ನಾನು ಅವತ್ತೇ ಹೇಳಿದ್ನಲ್ಲ ಅವರಿಗೆ. ನನ್ನ ಕೇಳ್ಬೇಕಿತ್ತು" ಎಂದಷ್ಟೇ ಅಂದರು. ಎರಡು ಸಲ ಕೂತು, ಮೂರನೇ ಸಲ ಸರ್ಕಾರಿ ಪರೀಕ್ಷೆ ಪಾಸು ಮಾಡಿದೆ. ದುರ್ಗಕ್ಕೆ ಹೋದಾಗಲೆಲ್ಲ ಹಾಸ್ಟೆಲ್ಲಿನ ಬೀದಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ. ಯಾರೋ ಶತ್ರು ಹೀಗೆ ಮಾಡಿದ್ದರೆ ಮರೆಯುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ನಾನು ಹೊಳಲ್ಕೆರೆಯಲ್ಲಿ ಬಿ.ಡಿ.ಓ. ಆಗಿದ್ದೆ. ಹಸಿರು ಶಾಯಿ, ಗೆಜೆಟೆಡ್ ಮೊಹರು. ಒಂದು ಬೆಳಗ್ಗೆ ದೊಡ್ಡಪ್ಪ ನನ್ನ ಆಫೀಸು ನೋಡಲು ಬಂದು, ಗೋಡೆ ಬದಿಯ ಬೆಂಚಿನ ಮೇಲೆ ಕಂಬಳಿ ಹಾಸಿ ಕೂತಿದ್ದರು. ಆಗ ಪಾಲಯ್ಯನವರು ಬಾಗಿಲಲ್ಲಿ ನಿಂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ದೊಡ್ಡಪ್ಪ ಸರಿದು ಜಾಗ ಬಿಟ್ಟರು. ಅವರು ಕೂರಲಿಲ್ಲ.

ಮಗಳು ಮದುವೆಯಾಗಿ ಹೊರದೇಶದಲ್ಲಿದ್ದಳು. ಮೊಮ್ಮಗುವನ್ನು ನೋಡಿಬರಲು ಹೊರಟಿದ್ದರು. ವೀಸಾಕ್ಕೆ ತಮ್ಮನ್ನು ಬಲ್ಲ ಗೆಜೆಟೆಡ್ ಅಧಿಕಾರಿಯೊಬ್ಬರಿಂದ ಸರ್ಟಿಫಿಕೇಟು ಬೇಕಿತ್ತು.

"ದುರ್ಗದಾಗೆ ಗೆಜೆಟೆಡ್ ಆಫೀಸರ್‌ಗಳು ಬೇಕಾದಷ್ಟು ಅದಾರಲ್ಲ ಸಾರ್" ಎಂದೆ.

"ಅದಾರೆ. ನನ್ನ ಬಲ್ಲೋನು ನೀನೇ."

ನಾನು ಪೆನ್ನು ತೆಗೆಯಲಿಲ್ಲ. "ಎಷ್ಟು ದಿನ?"

"ಮೂರು ತಿಂಗಳು."

"ಇಲ್ಲಿ ಏನು ಬಿಟ್ಟು ಹೋಗ್ತೀರಿ?"

ಅವರಿಗೆ ಸಿಟ್ಟು ಬರಲಿ ಎಂದೇ ಕೇಳಿದೆ. ಬರಲಿಲ್ಲ. ಲೆಕ್ಕ ಹಾಕುವವರ ಹಾಗೆ ನಿಂತರು. "ಹೆಂಡ್ತಿ ಹೋಗಿ ಎರಡು ವರ್ಷ ಆತು. ಮನೆ ಬಾಡಿಗೇದು. ಆ ಕುರ್ಚಿ ಒಂದಿತ್ತು, ಅದ್ರಾಗೆ ಈಗ ಬ್ಯಾರೆಯೋರು ಕುಂತವ್ರೆ" ಎಂದರು. ಎಣಿಸಿದ್ದ ಬೆರಳು ಬಿಡಿಸಿ, "ಏನೂ ಇಲ್ಲ ಕಣಪ್ಪ" ಎಂದರು.

ಮದರಾಸಿನ ಮಾತು ಅವರು ಎತ್ತಲಿಲ್ಲ. ಎತ್ತಲಿ ಎಂದು ನಾನು ಕಾದೆ. ಕೊನೆಗೆ ಬರೆದೆ. ಇವರನ್ನು ನಾನು ಬಲ್ಲೆ, ನಡತೆ ಒಳ್ಳೆಯದು, ಹೋದ ಕೆಲಸ ಮುಗಿಸಿ ತಿರುಗಿ ಬರುತ್ತಾರೆಂದು ನಂಬಿದ್ದೇನೆ. ಮೊಹರು ಒತ್ತಿ ಎದ್ದು ನಿಂತು ಕೈಗೆ ಕೊಟ್ಟೆ. ಅವರು ಓದಿದರು. ಕೊನೆಯ ಸಾಲಿನ ಹತ್ತಿರ ಅವರ ಬೆರಳು ನಿಂತಿತು. ಕಾಗದ ಮಡಿಸಿ ಜೇಬಿಗಿಟ್ಟು ಹೊರಟರು. ಅವರು ಬಸ್ ಸ್ಟ್ಯಾಂಡಿನ ತಿರುವು ದಾಟುವವರೆಗೂ ಕಿಟಕಿಯಿಂದ ನಾನು ಅವರ ಬೆನ್ನು ನೋಡಿದೆ. ಏನೂ ತಿಳಿಯಲಿಲ್ಲ.

"ತಿರುಗಿ ಬರ್ತಾರೆ ಅಂತ ಬರ್ದೆಯೇನಪ್ಪ?" ಎಂದರು ದೊಡ್ಡಪ್ಪ.

"ಬರ್ದೆ."

"ಬರ್ತಾರಾ?"

"ನನಗೇನು ಗೊತ್ತು ದೊಡ್ಡಪ್ಪ."

ದೊಡ್ಡಪ್ಪ ಎದ್ದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಗೊತ್ತಿಲ್ದಿದ್ರೂ ಬರೀಬೋದು ಅಂದಂಗಾತು. ಹಂಗಾರೆ ಅವತ್ತು ಅವರೂ ಹೇಳ್ಬೋದಿತ್ತು."