ಒಂದೇ ಕ್ಯಾಮೆರಾದ ಕಾಕಾ, ಕಾಕು

ಕಾಕಾ ನಕ್ಕರೆ ಎಡಗಣ್ಣು ಮಾತ್ರ ಪೂರ್ತಿ ಮುಚ್ಚಿಕೊಳ್ಳುತ್ತಿತ್ತು. ಹುಡುಗನಾಗಿದ್ದಾಗಿನಿಂದ ಕ್ಯಾಮೆರಾಕ್ಕೆ ಬಲಗಣ್ಣು ಒತ್ತಿ, ಎಡಗಣ್ಣು ಮುಚ್ಚಿ ಮುಚ್ಚಿ ಬಂದ ಅಭ್ಯಾಸ. ಸುಕ್ಕುಗಳೆಲ್ಲ ಆ ಒಂದು ಕಣ್ಣಿನ ಸುತ್ತಲೇ ಗುಂಪುಗೂಡಿದ್ದವು. ಮೊದಲ ಸಲ ಮೆಟ್ಟಿಲ ಮೇಲೆ ಸಿಕ್ಕಿ ನಕ್ಕಾಗ, ಈ ಬಿಳಿಗೂದಲ ಹಿರಿಯರು ನನಗೆ ಕಣ್ಣು ಹೊಡೆದರೇ ಎಂದು ನಾನು ಕಕ್ಕಾಬಿಕ್ಕಿಯಾಗಿದ್ದೆ. ಅವರ ಹಿಂದೆ ನಿಂತಿದ್ದ ಹೆಂಡತಿ, ಕಾಕು, "ಹೆದರಬ್ಯಾಡ ತಂಗಿ, ಅವರು ಊರಮಂದಿಗೆಲ್ಲಾ ಹಿಂಗ ಕಣ್ ಹೊಡೀತಾರ. ನನಗೊಬ್ಬಾಕಿಗೇ ಹೊಡದಿಲ್ಲ" ಅಂದುಬಿಟ್ಟರು.

ನನ್ನ ಗಂಡನಿಗೆ ಜರ್ಮನಿಯ ಅಬ್‌ಸ್ಟಾಟ್ ಊರಿನಲ್ಲಿ ಕೆಲಸ ಸಿಕ್ಕಿ, ಪಕ್ಕದ ದ್ರಾಕ್ಷಿ ತೋಟಗಳ ಹಳ್ಳಿಯಲ್ಲಿ ನಾವು ಬಾಡಿಗೆಮನೆ ಹಿಡಿದಿದ್ದೆವು. ಮೇಲಿನ ಮಹಡಿಯಲ್ಲಿ ಧಾರವಾಡದ ಈ ದಂಪತಿ. ಕಾಕಾ ಕಾರುಗಳ ಬ್ರೇಕ್ ಪರೀಕ್ಷಿಸುವ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಕಾಕು ಅದೇ ಊರಿನ ಶಿಶುವಿಹಾರದ ಅಡುಗೆಮನೆಯಲ್ಲಿ ದುಡಿದವರು. ಒಬ್ಬಳೇ ಮಗಳು ಮ್ಯೂನಿಕ್‌ನಲ್ಲಿ. "ಅಂಕಲ್, ಆಂಟಿ ಅಂತ ಕರದ್ರ ನಮ್ಮನ್ಯಾಗ ಚಹಾ ಸಿಗೂದಿಲ್ಲ" ಎಂದು ಕಾಕು ಷರತ್ತು ಹಾಕಿದ ಮೇಲೆ, ಮೈಸೂರಿನವಳಾದ ನಾನೂ ಕಾಕಾ, ಕಾಕು ಎನ್ನಲು ಕಲಿತೆ.

ಇಬ್ಬರಿಗೂ ಫೋಟೋದ ಹುಚ್ಚು. ಆದರೆ ಮನೆಯಲ್ಲಿದ್ದದ್ದು ಒಂದೇ ಕ್ಯಾಮೆರಾ. ಇನ್ನೊಂದು ಕೊಳ್ಳಲಾರದೆ ಅಲ್ಲ, ಇನ್ನೊಂದು ಬಂದರೆ ಜಗಳವಾಡಲು ಏನೂ ಉಳಿಯುವುದಿಲ್ಲ ಎಂದು. ಮುಂಜಾನೆಯ ಬಿಸಿಲು ಕಾಕಾನದು, ಸಂಜೆಯ ಬಿಸಿಲು ಕಾಕುದು ಎಂದು ಹಂಚಿಕೊಂಡಿದ್ದರು. ಮಧ್ಯಾಹ್ನದ ಬಿಸಿಲು ಇಬ್ಬರಿಗೂ ಬೇಡ, ಆಗ ನಿದ್ದೆ. ಒಬ್ಬರು ಕ್ಯಾಮೆರಾ ಹಿಡಿದರೆ ಇನ್ನೊಬ್ಬರು ಸ್ಟ್ಯಾಂಡ್ ಹೊತ್ತು ಹಿಂದೆ ಹೋಗುವುದು, ಹೋಗುತ್ತಾ ಸಲಹೆ ಕೊಡುವುದು, ಆ ಸಲಹೆ ಕೇಳದೇ ಇರುವುದು ಅವರ ಮನೆಯ ಪದ್ಧತಿ.

ತೆಗೆದ ಚಿತ್ರ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಕಾಕಾ ಅದನ್ನು ಬಿಳಿ ಹತ್ತಿ ಬಟ್ಟೆಯ ಮೇಲೆ ಅಚ್ಚು ಮಾಡುತ್ತಿದ್ದರು. ಕಾಕು ಅದರ ಮೇಲೆ ಕಸೂತಿ ಹಾಕುತ್ತಿದ್ದರು. ಜರ್ಮನಿಯ ಇಗರ್ಜಿ ಗೋಪುರದ ಪಕ್ಕ ನಮ್ಮ ಕಡೆಯ ಆನೆ, ದ್ರಾಕ್ಷಿ ಸಾಲುಗಳ ನಡುವೆ ನವಿಲು. ಮೇಲೆ ಕೆಳಗೆ ಒಂದೊಂದು ಕೋಲು ಸಿಕ್ಕಿಸಿ ಪಟದ ಹಾಗೆ ತೂಗುಹಾಕುತ್ತಿದ್ದರು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಹಿಂದೆಯೂ ಮುಂದೆಯೂ ಒಂದೇ ಹಾಗೆ ಕಾಣಬೇಕು. ಈ ವಿಷಯದಲ್ಲಿ ಕಾಕು ಯಮಧರ್ಮನಿಗೂ ರಿಯಾಯಿತಿ ಕೊಡುವವರಲ್ಲ.

ಇನ್ನು ಕಾಕಾ, ಜರ್ಮನಿಯ ಕಾನೂನು ಕಲಿಸುವ ಮೇಷ್ಟರು. ಭಾನುವಾರ ಗೋಡೆಗೆ ಮೊಳೆ ಹೊಡೆಯಬೇಡ, ಮಧ್ಯಾಹ್ನ ಜನ ಮಲಗಿದ್ದಾಗ ಗಾಜಿನ ಬಾಟಲಿ ತೊಟ್ಟಿಗೆ ಎಸೆದು ಸದ್ದು ಮಾಡಬೇಡ, ಕೇರ್‌ವೋಖೆ ಮರೆಯಬೇಡ. ಕೇರ್‌ವೋಖೆ ಅಂದರೆ ಮನೆಯ ಮೆಟ್ಟಿಲು, ಅಂಗಳ ಗುಡಿಸುವ ವಾರದ ಸರದಿ. ಆ ಸೀಮೆಯಲ್ಲಿ ಅದನ್ನು ತಪ್ಪಿಸಿದವರಿಗೆ ಮರ್ಯಾದೆಯಿಲ್ಲ. ಇಷ್ಟೆಲ್ಲ ತಿಳಿದ ಕಾಕಾ ಒಂದು ದೀಪಾವಳಿಯಲ್ಲಿ ಎಡವಿದರು.

ಎದುರುಮನೆಯಲ್ಲಿ ಒಬ್ಬಂಟಿ ಅಜ್ಜಿಯಿದ್ದರು. ಅವರ ಮನೆಯ ನೀಲಿ ಬಾಗಿಲಿನ ಮೇಲೆ ಒಂದು ಬೆಳಿಗ್ಗೆ ಎಂಥ ಬಿಸಿಲು ಬಿದ್ದಿತ್ತೆಂದರೆ, ಕಾಕಾ ತಮ್ಮ ಕಿಟಕಿಯಿಂದಲೇ ಚಿತ್ರ ತೆಗೆದರು. ಕಾಕು ಆ ಬಾಗಿಲಿಗೆ ದಾರದ ತೋರಣ ಕಟ್ಟಿ, ಪಕ್ಕದಲ್ಲೊಂದು ತುಳಸಿ ಕಟ್ಟೆ ಹೆಣೆದರು. ಹಬ್ಬದ ದಿನ ಪಟವನ್ನೂ ಒಂದು ತಟ್ಟೆ ಚಕ್ಕುಲಿಯನ್ನೂ ಹಿಡಿದು, ಜರಿ ಸೀರೆ ಉಟ್ಟು, ಕೋಟು ತೊಟ್ಟು ಇಬ್ಬರೂ ಸಂಭ್ರಮದಿಂದ ರಸ್ತೆ ದಾಟಿದರು. ನಾನು ನಮ್ಮ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ.

ಅಜ್ಜಿ ಪಟ ಬಿಚ್ಚಿ ನೋಡಿದರು. ಮುಖ ಕೆಂಪಾಯಿತು. "ನನ್ನ ಮನೆಯ ಚಿತ್ರ ತೆಗೆಯಲು ನಿಮಗೆ ಹೇಳಿದವರು ಯಾರು? ಕಿಟಕಿಯಲ್ಲಿ ಕೂತು ನನ್ನನ್ನು ನೋಡುತ್ತಿರುತ್ತೀರಾ?" ಆ ಜರ್ಮನ್ ನನಗೂ ಅರ್ಥವಾಗುವಷ್ಟು ಜೋರಾಗಿತ್ತು. ಪಟ, ಚಕ್ಕುಲಿ ಎರಡೂ ವಾಪಸು. ಬಾಗಿಲು ಹಾಕಿಕೊಂಡಿತು.

ಕಾಕಾ ಕುಗ್ಗಿಹೋದರು. ಅರ್ಧ ಆಯುಷ್ಯ ಈ ಊರಿನಲ್ಲಿ ಕಳೆದವರು. ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು ಎಂದು ನಮಗೇ ಪಾಠ ಹೇಳಿದವರು. "ಇಷ್ಟ್ ವರ್ಷ ಇದ್ರೂ ಕಡೀಕೆ ಕಿಟಕ್ಯಾಗಿಂದ ಇಣಕೂ ಪರದೇಶಿನಽ ಆದ್ನಿ" ಎಂದು ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮುಂಜಾನೆಯ ತಿರುಗಾಟ ನಿಂತಿತು. ಕಾಕು ಕೂಡ ಸಂಜೆ ಹೊರಡಲಿಲ್ಲ. ಒಬ್ಬರೇ ಹೋದರೆ ಸಲಹೆ ಕೊಡುವವರು ಯಾರು? ಮೇಲಿನ ಮನೆಯಿಂದ ಜಗಳದ ಸದ್ದು ಬರದಿದ್ದಾಗ ನನಗೆ ನಿಜವಾಗಿ ಭಯವಾಯಿತು. ನೋಡನೋಡುತ್ತ ಅವರಿಬ್ಬರೂ ಮುದುಕರಾಗಿಬಿಟ್ಟರು.

ಒಂದು ದಿನ ಕಾಕು ನನ್ನನ್ನು ಕರೆದರು. "ಆಕಿ ಸಿಟ್ಟು ಖರೇನ ಐತಿ. ಇಷ್ಟ್ ವರ್ಷದಾಗ ಒಮ್ಮೆರೆ ಆಕಿ ಬಾಗಲಾ ಬಡದು ಹೆಂಗದೀರಿ ಅಂತ ಕೇಳೀವೇನು? ಫೋಟೋ ತಗ್ಯಾಕ ಬಾಗಲಾ ಬೇಕಾತು, ಮಾತಾಡ್ಸಾಕ ಬ್ಯಾಡಾತು. ಬಾ ನನ್ನ ಜೋಡಿ." ನಾನು ಎರಡು ವರ್ಷದಿಂದ ಆ ಓಣಿಯಲ್ಲಿದ್ದರೂ ಯಾರಾದರೂ ಎದುರಾದರೆ ಫೋನ್ ನೋಡುತ್ತಾ ದಾಟಿ ಹೋಗುವವಳು. ಕಾಕು ಕೈ ಹಿಡಿದು ಎಳೆದುಕೊಂಡೇ ಹೋದರು.

ಬಾಗಿಲು ತೆರೆದ ಅಜ್ಜಿಯ ಕೈಗೆ ಕಾಕು ಪಟ ಕೊಟ್ಟು, "ಇದು ನಿಮ್ಮ ಮನೆ, ನಿಮ್ಮ ವಸ್ತು. ಹರಿದು ಹಾಕಬೇಕು ಅನ್ನಿಸಿದರೆ ನೀವೇ ಹರಿಯಿರಿ. ನಮ್ಮನ್ನು ಕ್ಷಮಿಸಿ" ಎಂದು ಚೊಕ್ಕ ಜರ್ಮನ್‌ನಲ್ಲಿ ಹೇಳಿ ತಲೆಯೆತ್ತಿಕೊಂಡೇ ಹಿಂದಿರುಗಿದರು. ಕ್ಷಮೆ ಕೇಳುವಾಗಲೂ ಅಷ್ಟು ಗತ್ತಿನಿಂದ ನಿಂತವರನ್ನು ನಾನು ಬೇರೆ ಕಂಡಿಲ್ಲ.

ಕೆಲವು ದಿನಗಳಾದ ಮೇಲೆ ಅಜ್ಜಿ ತಾವೇ ಮೆಟ್ಟಿಲು ಹತ್ತಿ ಬಂದರು. ಪಟ ಹರಿದಿರಲಿಲ್ಲ. ನಾನು ಅಲ್ಲೇ ಇದ್ದೆ. ಕೂರುವ ಮೊದಲೇ ಪಟ ತಿರುಗಿಸಿ ಕೇಳಿದರು, "ಗಂಟು ಎಲ್ಲಿ? ಭೂತಗನ್ನಡಿ ಹಿಡಿದು ಹುಡುಕಿದೆ. ನಾನೂ ಶಾಲೆಯಲ್ಲಿ ಹೊಲಿಗೆ ಕಲಿತವಳು." ಕಾಕು ಸೂಜಿ ತಂದು ತೋರಿಸಿದರು. ಹೋದ ದಾರಿಯಲ್ಲೇ ದಾರ ಮರಳಿ ಬರುವುದನ್ನು ಅಜ್ಜಿ ಬೆರಗಿನಿಂದ ನೋಡಿದರು. ಕಾಫಿ ಮುಗಿದ ಮೇಲೆ ಮೆಲ್ಲಗೆ ಇನ್ನೊಂದು ವಿಷಯ ಹೊರಬಂತು. ಚಿತ್ರದಲ್ಲಿ ಅವರ ಮೆಟ್ಟಿಲ ಮೇಲೆ ಒಣಗಿದ ಎಲೆಗಳು ಬಿದ್ದಿದ್ದವು! "ನೋಡಿದವರು ಏನಂದುಕೊಳ್ಳುತ್ತಾರೆ? ಶನಿವಾರ ಗುಡಿಸಿಟ್ಟಿರುತ್ತೇನೆ. ಬಂದು ಇನ್ನೊಮ್ಮೆ ತೆಗೆಯಿರಿ. ನಾನೂ ಬಾಗಿಲಲ್ಲಿ ನಿಲ್ಲುತ್ತೇನೆ."

ಕಾಕಾ ಎದ್ದು ಒಳಗೆ ಹೋದರು. ಬೀರುವಿನ ಬೀಗ ತೆಗೆದ ಸದ್ದು ನಮಗೆಲ್ಲ ಕೇಳಿಸಿತು. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು, "ಶನಿವಾರ ಮುಂಜಾನಿನೋ, ಸಂಜೀಕೋ ಕೇಳ್ರಿ. ಸಂಜೀಕಾದ್ರ ಪಾಳಿ ನಂದು" ಎಂದು ಕೂಗಿದರು. ಜಗಳ ಮತ್ತೆ ಶುರುವಾಯಿತು. ನನ್ನ ಜೀವಕ್ಕೆ ಸಮಾಧಾನವಾಯಿತು.

ಅಜ್ಜಿಯ ಚಿತ್ರ ನೋಡಿ ಪಕ್ಕದ ಬೇಕರಿಯವರು ತಮ್ಮ ಬಾಗಿಲನ್ನೂ ತೆಗೆಯಿರೆಂದು ಕೇಳಿದರು. ಆಮೇಲೆ ಟ್ರ್ಯಾಕ್ಟರ್ ಇಟ್ಟುಕೊಂಡ ಅಣ್ಣತಮ್ಮಂದಿರು. ಕಾಕು, ಕಾಕಾ ಒಂದೊಂದೇ ಬಾಗಿಲು ಬಡಿದು, ಮಾತಾಡಿ, ಒಪ್ಪಿಗೆ ಪಡೆದು, ಇಡೀ ಓಣಿಯ ಬಾಗಿಲುಗಳನ್ನೂ ಅಲ್ಲಿ ನಿಂತವರನ್ನೂ ಚಿತ್ರವಾಗಿಸಿದರು. ಮೊಣಕಾಲು ನೋವಿನ ಅವರಿಬ್ಬರಿಗಾಗಿ ಸ್ಟ್ಯಾಂಡ್ ಹೊತ್ತದ್ದು ನಾನು. ಹೊರುತ್ತಾ ಹೊರುತ್ತಾ ನನಗೂ ಜನರ ಹೆಸರು, ಕಾಯಿಲೆ, ಮೊಮ್ಮಕ್ಕಳ ತಂಟೆ ಎಲ್ಲ ಗೊತ್ತಾದವು.

ಇಗರ್ಜಿಯ ಸಭಾಭವನದಲ್ಲಿ ಪ್ರದರ್ಶನ ನಡೆದ ದಿನದ ಹೆಮ್ಮೆಯನ್ನು ನಾನು ಹೇಗೆ ಹೇಳಲಿ! ಫೋಟೋ ಯಾರದು ಎಂದು ಪ್ರದರ್ಶನ ಏರ್ಪಡಿಸಿದ್ದ ಊರಿನ ಸಂಘದವರು ಕೇಳಿದಾಗ ಕಾಕಾ ಮೊದಲು ಕಾಕು ಹೆಸರು ಬರೆಸಿ, ಅದರ ಕೆಳಗೆ ತಮ್ಮದು ಬರೆಸಿದರು. ಎದುರುಮನೆಯ ಅಜ್ಜಿ ತಮ್ಮ ಪಟದ ಪಕ್ಕದಿಂದ ಕದಲಲೇ ಇಲ್ಲ. ಬಂದವರಿಗೆಲ್ಲ ಅದನ್ನು ತಿರುಗಿಸಿ ಹಿಂಭಾಗ ತೋರಿಸುತ್ತ, "ಹುಡುಕಿ, ಗಂಟು ಸಿಗುವುದಿಲ್ಲ. ನಮ್ಮವರು ಮಾಡಿದ್ದು" ಎನ್ನುತ್ತಿದ್ದರು. ಆ 'ನಮ್ಮವರು' ಕಿವಿಗೆ ಬಿದ್ದಾಗ ಕಾಕಾ ನಗಲಿಲ್ಲ. ಎರಡೂ ಕಣ್ಣು ತೆರೆದು ನಿಂತಿದ್ದರು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮ್ಯೂನಿಕ್‌ನಿಂದ ಮಗಳು ಬಂದು ತಲುಪುವ ಹೊತ್ತಿಗೆ ಓಣಿಯವರೆಲ್ಲ ಕಾಕು ಮನೆಯಲ್ಲಿದ್ದರು. ಆ ವಾರ ಮೆಟ್ಟಿಲು ಗುಡಿಸುವ ಸರದಿ ಕಾಕುದಾಗಿತ್ತು. ಅಜ್ಜಿ ಯಾರಿಗೂ ಹೇಳದೆ ಬಂದು ಗುಡಿಸಿ ಹೋದರು.

ಕಾಕು ಬಹಳ ದಿನ ಕ್ಯಾಮೆರಾ ಮುಟ್ಟಲಿಲ್ಲ. ಮಗಳು ಕರೆದರೂ ಮ್ಯೂನಿಕ್‌ಗೆ ಹೋಗಲಿಲ್ಲ. ವಸಂತದಲ್ಲಿ ಒಂದು ದಿನ ಕೋಲೂರಿಕೊಂಡು ಕೆಳಗಿಳಿದು ಬಂದು, "ತಂಗೀ, ಮೂಲೀಮನಿಗೆ ಹೊಸದಾಗಿ ಯಾರೋ ಬಂದಾರ. ನಡಿ, ಮಾತಾಡ್ಸಿ ಬರೂಣು. ಫೋಟೋ ಆಮ್ಯಾಲ" ಎಂದರು.

ಹೋದೆವು. ಬಾಗಿಲ ಮುಂದೆ ಕಾಕುಗೆ ಏದುಸಿರು ಬಂತು. "ನೀನಽ ಮಾತಾಡು" ಎಂದು ನನ್ನ ಭುಜ ಹಿಡಿದು ನಿಂತರು. ಗಂಟೆ ಒತ್ತಿದೆ. ಮಗುವನ್ನು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಅರ್ಧ ಬಾಗಿಲು ತೆರೆದು ಅನುಮಾನದಿಂದ ನೋಡಿದಳು. ನನ್ನ ಜರ್ಮನ್ ಈಗಲೂ ಅಷ್ಟಕ್ಕಷ್ಟೇ. ಆದರೂ ಫೋನ್ ನೋಡದೆ ಅವಳನ್ನೇ ನೋಡಿ ನಕ್ಕೆ.

"ನಮಸ್ಕಾರ. ನಾವು ಇದೇ ಓಣಿಯವರು" ಎಂದೆ.