ಮುಚ್ಚಿಹೋದ ಫೋಲ್ಡರಿನ ದನಿ

ಸೋಲೊ ಊರಿನ ಪುಟ್ಟ ರೇಡಿಯೊ ಕೇಂದ್ರದಲ್ಲಿ ಕಂಪ್ಯೂಟರು ನೋಡಿಕೊಳ್ಳುವ ವಿನಾರ್ಸಿಗೆ ಐವತ್ತೆರಡು ವರ್ಷ. 'ಇಲ್ಲ' ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಯಾರು ಏನು ಕೇಳಿದರೂ 'ಇಂಗ್ಗಿಹ್', ಅಂದರೆ ಹೂಂ. ಜಾವಾದಲ್ಲಿ ಸಂಕೋಚವನ್ನು ಎಲ್ಲರಿಗೂ ಹಾಲಿನ ಜೊತೆಗೇ ಕುಡಿಸುತ್ತಾರೆ ಅನ್ನಿ. ಇವಳಿಗೆ ಒಂದು ಲೋಟ ಹೆಚ್ಚೇ ಆಗಿತ್ತು.

ಬೆಳಗ್ಗೆ ಬಂದವಳೇ ಒಂದು ಸಾಲು ಟೈಪು ಮಾಡಿ, ಯೋಗ್ಯಕರ್ತದ ಕಾಲೇಜಿನಲ್ಲಿರುವ ಡಿಸ್ಕನ್ನು ತನ್ನ ಕಂಪ್ಯೂಟರಿನ ಒಂದು ಖಾಲಿ ಫೋಲ್ಡರಿಗೆ ಮೌಂಟ್ ಮಾಡುವಳು, ಅಂದರೆ ಜೋಡಿಸುವಳು. ಆಮೇಲೆ ಆ ಫೋಲ್ಡರಿಗೆ ಹಾಕಿದ್ದೆಲ್ಲ ಅಲ್ಲಿ ಹೋಗಿ ಕೂರುತ್ತದೆ. ಸಂಜೆ ಅನ್‌ಮೌಂಟ್ ಮಾಡಿ, ಅಂದರೆ ಆ ಜೋಡಣೆ ಬಿಡಿಸಿ, ತಿರುಗಿಯೂ ನೋಡದೆ ಮನೆಗೆ.

ಸೋಮವಾರ ಎಂಡಾಂಗ್ ಬಂದಳು. ತೀರಿಹೋದ ಗಾಯಕಿ ಸಾರಿಯೆಮ್ ಅಜ್ಜಿಯ ಮಗಳು. ವಿನಾರ್ಸಿಯನ್ನು ಎಲ್ಲರಂತೆ ಅವಳೂ 'ಬು', ಅಂದರೆ ಅಮ್ಮಾವ್ರೇ, ಎಂದೇ ಕರೆಯುವಳು.

"ಬು, ಗುರುವಾರ ಅಮ್ಮ ಹೋಗಿ ಸಾವಿರ ದಿನ. ಪ್ರಾರ್ಥನೆ ಆದ್ಮೇಲೆ ಅವಳ ದನಿ ಹಾಕ್ಬೇಕು. ಕೊನೇ ಸಲ ಹಾಡಿದ್ದು ನಿಮ್ಮತ್ರ ಮಾತ್ರ ಇರೋದು."

"ಇಂಗ್ಗಿಹ್, ಇದೆ," ಅಂದುಬಿಟ್ಟಳು ವಿನಾರ್ಸಿ.

ಹುಡುಕಿದರೆ ಇಲ್ಲ! ಯೋಗ್ಯಕರ್ತದ ಡಿಸ್ಕನ್ನು ಎರಡು ದಿನ ಜಾಲಾಡಿದಳು. ಅನ್ನ ಸೇರಲಿಲ್ಲ. ಅಲ್ಲಿನ ಮೇಷ್ಟ್ರಿಗೆ ಫೋನು ಮಾಡಲೂ ಸಂಕೋಚ! ಬುಧವಾರ ಕೊನೆಗೂ ಮಾಡಿದಳು.

ಅಜ್ಜಿಯ ಹಾಡು ಕಾಪಿ ಮಾಡಿದ ದಿನಾಂಕ ಕೇಳಿಕೊಂಡು ಅವರು ಹಳೆಯ ದಾಖಲೆ ಪುಸ್ತಕ ತಿರುವಿದರು. "ಆವತ್ತು ಮಧ್ಯಾಹ್ನದವರೆಗೂ ನಮ್ಮ ಮಷಿನ್ ಆಫಾಗಿತ್ತಲ್ಲ ಬು! ನೀವು ಹೆಂಗೆ ಮೌಂಟ್ ಮಾಡಿದ್ರಿ?"

ವಿನಾರ್ಸಿಗೆ ಎಲ್ಲ ನೆನಪಾಯಿತು. ಆವತ್ತು ಸ್ಟುಡಿಯೊಗೆ ಹೊಸ ಯಂತ್ರ ಬಂದಿತ್ತು, ಅದಕ್ಕೆಂದು ಅಲ್ಲಿನ ಪದ್ಧತಿಯಂತೆ ಔತಣಕ್ಕೆ ಅರಿಶಿನದನ್ನದ ಗೋಪುರ ಮಾಡಿಸಿದ್ದರು. ಎಲ್ಲರೂ ಗೌರವದಿಂದ ಪಾಕ್ ಎನ್ನುವ ನಿರ್ದೇಶಕ ಹರ್ಜಿತೊ ಅತಿಥಿಗಳೊಡನೆ ಅವಳ ಬೆನ್ನ ಹಿಂದೆಯೇ ನಿಂತಿದ್ದರು. "ಆಯ್ತಾ ಬು? ಎಲ್ರೂ ಕಾಯ್ತಿದಾರೆ." ಪರದೆಯ ಮೇಲೆ 'ಮೌಂಟ್ ಆಗಲಿಲ್ಲ' ಎಂಬ ಸಾಲು ಕಣ್ಣಿಗೆ ಹೊಡೆಯುತ್ತಿತ್ತು. ಅತಿಥಿಗಳ ಮುಂದೆ ಹೇಗೆ ಹೇಳುವುದು? "ಇಂಗ್ಗಿಹ್, ಆಯ್ತು ಪಾಕ್," ಎಂದು ಕಾಪಿ ಒತ್ತಿ ಊಟಕ್ಕೆ ಎದ್ದಿದ್ದಳು. ಆ ಮಧ್ಯಾಹ್ನವೇ ರೆಕಾರ್ಡರಿನಲ್ಲಿದ್ದ ಮೂಲವನ್ನು ಅಳಿಸಿಯೂ ಆಗಿತ್ತು.

ಅಷ್ಟರಲ್ಲಿ ಎಂಡಾಂಗ್ ಪೆನ್‌ಡ್ರೈವ್ ಹಿಡಿದು ಬಂದೇಬಿಟ್ಟಳು. ವಿನಾರ್ಸಿ ಫೋನು ಕೆಳಗಿಟ್ಟಳು.

"ಇಲ್ಲ ತಂಗಿ. ಹಾಡು ಯೋಗ್ಯಕರ್ತಕ್ಕೆ ಹೋಗೇ ಇಲ್ಲ. ಸೋಮವಾರ ಸುಳ್ಳು ಹೇಳ್ದೆ. ತಪ್ಪು ನಂದೇ."

"ಹೋಗಿಲ್ಲ ಅಂದ್ರೆ? ಮತ್ತೆಲ್ಲಿ ಹೋಯ್ತು ಬು?" ಎಂಡಾಂಗ್ ಅಳುತ್ತಲೇ ಕೇಳಿದಳು.

ಎಲ್ಲಿ ಹೋಯಿತು? ಆ ಕಾಪಿಯಂತೂ ನಡೆದಿತ್ತು. ಡಿಸ್ಕೇ ಬಂದಿರಲಿಲ್ಲ ಅಂದಮೇಲೆ ದನಿ ಇದೇ ಕಂಪ್ಯೂಟರಿನ ಖಾಲಿ ಫೋಲ್ಡರಿನಲ್ಲೇ ಬಿದ್ದಿರಬೇಕು. ಮರುದಿನ ಯೋಗ್ಯಕರ್ತದ ಡಿಸ್ಕು ಬಂದು ಅದರ ಮೇಲೆ ಚಾಪೆಯ ಹಾಗೆ ಹಾಸಿಕೊಂಡಿತು. ಅಂದಿನಿಂದ ಅವಳು ಚಾಪೆಯನ್ನಷ್ಟೇ ನೋಡಿದ್ದು.

ಅನ್‌ಮೌಂಟ್ ಎಂದು ಒತ್ತಿದಳು. ಆಗುವುದಿಲ್ಲ, ಒಳಗೆ ಯಾರೋ ಇದ್ದಾರೆ ಎಂದಿತು ಕಂಪ್ಯೂಟರು. ಯಾರಪ್ಪಾ ಎಂದು ನೋಡಿದರೆ ತಾನೇ! ಹುಡುಕಲೆಂದು ಪರದೆಯ ಮೇಲೆ ತೆರೆದ ಇನ್ನೊಂದು ಕಿಟಕಿ ಆ ಫೋಲ್ಡರಿನಲ್ಲೇ ಕೂತಿತ್ತು. ಅದನ್ನು ಮುಚ್ಚಿ ಮತ್ತೆ ಒತ್ತಿದಳು. ಖಾಲಿ ಇರಬೇಕಾದ ಫೋಲ್ಡರಿನಲ್ಲಿ ಒಂದೇ ಒಂದು ಫೈಲು.

ಅದನ್ನು ತೆರೆದಳು. ಮೊದಲು ಕೆಮ್ಮು. ಆಮೇಲೆ ಅಜ್ಜಿಯ ದನಿ: "ಏನೇ ವಿನಾರ್ಸಿ, ಟೀ ಬೇಕಾ ಅಂದ್ರೆ ಹೂಂ ಅಂತೀಯ, ಲೋಟ ಮುಟ್ಟಲ್ಲ. ಬೇಡ ಅಂದ್ರೆ ಬೇಡ ಅನ್ನೇ, ಬಾಯಿ ಸವೆಯುತ್ತಾ?" ಅದರ ಹಿಂದೆಯೇ ಹಾಡು.

ಎಂಡಾಂಗ್ ನಗುತ್ತ ಅಳುತ್ತ ಕಣ್ಣೊರೆಸಿಕೊಂಡಳು. "ಬು, ಬೈದಿದ್ದನ್ನೂ ಎಲ್ರ ಮುಂದೆ ಹಾಕ್ಲಾ?"

ಇಂಗ್ಗಿಹ್ ನಾಲಿಗೆಯ ತುದಿಗೆ ಬಂದಿತ್ತು. ವಿನಾರ್ಸಿ ಅದನ್ನು ನುಂಗಿಕೊಂಡಳು.

"ಬೇಡ," ಅಂದಳು. "ಹಾಡು ಮಾತ್ರ."